ನೀತಿ ಓದುವುದು ಪ್ರಿನ್ಸಿಪಾಲರ ಕೆಲಸವೇ?

ಪ್ರಶ್ನೆ: ಇಂಗ್ಲೆಂಡಿನ ಒಂದು ಫರ್ದರ್ ಎಜುಕೇಷನ್ ಕಾಲೇಜಿನಲ್ಲಿ ಕಳೆದ ಸೆಪ್ಟೆಂಬರಿನಿಂದ ಗಣಿತ ಕಲಿಸುತ್ತಿದ್ದೇನೆ. ಸಹೋದ್ಯೋಗಿಗಳೆಲ್ಲ ಸರ್ಕಾರದ ನೀತಿಯನ್ನು ಬೈಯುತ್ತಾರೆ. ಯಾವ ನೀತಿ ಎಂದು ಕೇಳಿದರೆ ಹೇಳುವವರಿಲ್ಲ. ಪಾಠ ಮಾಡುವವರು ಇದನ್ನೆಲ್ಲ ತಿಳಿಯಬೇಕೆ?
– ಒಬ್ಬ ಓದುಗರು, ಲೀಡ್ಸ್

ಉತ್ತರ: ತಿಳಿಯಲೇಬೇಕು. ನಾನೂ ಅಂಥ ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಶಾಲೆ ಮುಗಿಸಿ ನಲ್ಲಿ ರಿಪೇರಿ, ಕೇಶವಿನ್ಯಾಸ, ಮಕ್ಕಳ ಆರೈಕೆ ಕಲಿಯಲು ಬರುವ ಹದಿನಾರರ ಹುಡುಗರಿಂದ ಹಿಡಿದು, ಇಂಗ್ಲಿಷ್ ಕಲಿಯಲು ಬರುವ ವಯಸ್ಕರವರೆಗೆ ಎಲ್ಲರಿಗೂ ಬಾಗಿಲು ತೆರೆದಿರುವ ಜಾಗ ಅದು.

ನಿಮ್ಮ ಸಹೋದ್ಯೋಗಿಗಳಿಗೆ ಏನೂ ಗೊತ್ತಿಲ್ಲವೆಂದು ಭಾವಿಸಬೇಡಿ. ಅವರಿಗೆ ನೀತಿಯ ಹೆಸರು ಗೊತ್ತಿಲ್ಲ, ಪೆಟ್ಟು ಗೊತ್ತು. ನಿಮ್ಮ ತರಗತಿಯ ಹಿಂದಿನ ಸಾಲಿನಲ್ಲಿ ಮುಖ ಗಂಟಿಕ್ಕಿ ಕೂತವರನ್ನೇ ನೋಡಿ. ಹದಿನಾರರ ವಯಸ್ಸಿಗೆ ಬರೆಯುವ ಜಿಸಿಎಸ್‌ಇ ಎಂಬ ಶಾಲಾ ಪರೀಕ್ಷೆಯ ಗಣಿತದಲ್ಲಿ ಗ್ರೇಡ್ ನಾಲ್ಕು, ಅಂದರೆ ಪಾಸು, ಬಾರದವರು ಹದಿನೆಂಟರವರೆಗೆ ಗಣಿತ ಓದುತ್ತಲೇ ಇರಬೇಕು, ಇಲ್ಲದಿದ್ದರೆ ಅವರ ಪಾಲಿನ ಅನುದಾನ ಕಾಲೇಜಿನ ಕೈತಪ್ಪೀತು ಎಂಬ ಷರತ್ತು 2014ರಿಂದ ಇದೆ. ಅವರನ್ನು ಅಲ್ಲಿ ಕೂರಿಸಿರುವುದು ಆ ಷರತ್ತು. ಗ್ರೇಡ್ ಮೂರು ಬಂದವರು ಜಿಸಿಎಸ್‌ಇಯನ್ನೇ ಮತ್ತೆ ಬರೆಯಬೇಕು. ಅದಕ್ಕಿಂತ ಕಡಿಮೆ ಬಂದವರಿಗೆ ಫಂಕ್ಷನಲ್ ಸ್ಕಿಲ್ಸ್ ಎಂಬ, ದಿನಬಳಕೆಯ ಗಣಿತದ ಇನ್ನೊಂದು ದಾರಿ ಉಂಟು. ಇದು ತಿಳಿದಿದ್ದರೆ, ಯಾವ ವಿದ್ಯಾರ್ಥಿಯನ್ನು ಯಾವ ದಾರಿಗೆ ಹಚ್ಚಬೇಕೆಂಬ ಚರ್ಚೆಯಲ್ಲಿ ನೀವೂ ಮಾತಾಡಬಹುದು. ತಿಳಿಯದಿದ್ದರೆ ಕೊಟ್ಟ ಪಟ್ಟಿಗೆ ಪಾಠ ಮಾಡುತ್ತೀರಿ, ಅಷ್ಟೆ. ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಈ ಷರತ್ತಿಲ್ಲ ಎಂಬುದೂ ನೆನಪಿರಲಿ.

ನಿಮ್ಮ ಸಹೋದ್ಯೋಗಿಗಳ ಬೇಸರಕ್ಕೆ ಕಾರಣ ಬೇರೆಯೇ ಇದೆ. ಒಂದು ನೀತಿ ಬೇರೂರುವ ಮೊದಲೇ ಇನ್ನೊಂದು ಬರುತ್ತದೆ. 1993ರಲ್ಲಿ ಕಾಲೇಜುಗಳು ಸ್ಥಳೀಯ ಆಡಳಿತದ ಕೈಬಿಟ್ಟು ಬಂದಾಗ ಹಣ ಹಂಚಲು ಒಂದು ಕೌನ್ಸಿಲ್ ಇತ್ತು. 2001ರಲ್ಲಿ ಅದರ ಜಾಗಕ್ಕೆ ಮತ್ತೊಂದು ಬಂತು, 2010ರಲ್ಲಿ ಅದೂ ಹೋಗಿ ಏಜೆನ್ಸಿಗಳಾದವು, 2017ರಲ್ಲಿ ಅವನ್ನು ಒಂದುಗೂಡಿಸಿದರು, 2025ರ ಮಾರ್ಚ್‌ನಲ್ಲಿ ಅದಕ್ಕೂ ಬೀಗ ಬಿತ್ತು. ಬೋಧಕರ ತರಬೇತಿ ಅರ್ಹತೆಯನ್ನು 2007ರಲ್ಲಿ ಕಡ್ಡಾಯ ಮಾಡಿ 2013ರಲ್ಲಿ ತೆಗೆದುಹಾಕಿದರು.

ನನ್ನನ್ನು ಹೆಚ್ಚು ನೋಯಿಸಿದ್ದು ಇಎಂಎ ಎಂಬ ಭತ್ಯೆಯ ಕಥೆ. ಬಡ ಮನೆಯ ಹುಡುಗರಿಗೆ ವಾರಕ್ಕೆ ಗರಿಷ್ಠ 30 ಪೌಂಡ್ ಸಿಗುತ್ತಿತ್ತು, ಹಾಜರಾತಿ ಸರಿಯಿದ್ದರೆ ಮಾತ್ರ. ಹಾಗಾಗಿ ನಮ್ಮ ಹಾಜರಿ ಪುಸ್ತಕದ ಒಂದು ಗುರುತು ಅವರ ಬಸ್ಸಿನ ದುಡ್ಡಾಗಿತ್ತು. 2011ರಲ್ಲಿ ಇಂಗ್ಲೆಂಡಿನಲ್ಲಿ ಅದನ್ನು ನಿಲ್ಲಿಸಿದರು. ಬದಲಿಗೆ ಬಂದ ಬರ್ಸರಿ ನಿಧಿ ತುಂಬಾ ಚಿಕ್ಕದು. ತಪ್ಪು ನಿರ್ಧಾರವೆಂದು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಆದರೆ ಹಾಗೆ ಹೇಳಲು ಹಾಜರಿ ಪುಸ್ತಕಕ್ಕೂ ಆ ಭತ್ಯೆಗೂ ಇದ್ದ ನಂಟು ನಮಗೆ ಗೊತ್ತಿರಬೇಕಿತ್ತು.

ಇನ್ನೊಂದು ಎಚ್ಚರ. ಕಾಲೇಜಿನಲ್ಲಿ ‘ಇದು ಸರ್ಕಾರದ ಆದೇಶ’ ಎಂದು ಬಂದದ್ದೆಲ್ಲ ಸರ್ಕಾರದಿಂದಲೇ ಬಂದಿರುವುದಿಲ್ಲ. ತಪಾಸಣೆಗೆ ಬೇಕೆಂದು ಪ್ರತಿ ಪಾಠಕ್ಕೂ ಉದ್ದುದ್ದ ಯೋಜನೆ ಬರೆದು ರಾತ್ರಿ ನಿದ್ದೆ ಕೆಡಿಸಿಕೊಂಡವರನ್ನು ನೋಡಿದ್ದೇನೆ. ಪ್ರತಿ ಪಾಠದ ಯೋಜನೆಯನ್ನು ತಾನು ಕೇಳುವುದಿಲ್ಲ ಎಂದು ತಪಾಸಣೆ ನಡೆಸುವ ಸರ್ಕಾರಿ ಸಂಸ್ಥೆಯಾದ ಆಫ್‌ಸ್ಟೆಡ್ ತನ್ನ ಮಾರ್ಗದರ್ಶಿಯಲ್ಲೇ ಬರೆದಿದೆ. ಅದನ್ನು ಕೇಳುವುದು ಕಾಲೇಜಿನ ಆಡಳಿತ. ಆಡಳಿತದ ನಿರ್ಧಾರವಾದರೆ ಅದನ್ನು ವಿಭಾಗದ ಸಭೆಯಲ್ಲೇ ಪ್ರಶ್ನಿಸಬಹುದು.

ಹಾಗಾದರೆ ಏನು ಓದಬೇಕು? ಎಲ್ಲ ಶ್ವೇತಪತ್ರಗಳನ್ನು ಬೇಡ. ಆಫ್‌ಸ್ಟೆಡ್‌ನ ತಪಾಸಣಾ ಮಾರ್ಗದರ್ಶಿ, ಅನುದಾನದ ಮಾರ್ಗಸೂಚಿಯಲ್ಲಿ ಗಣಿತ ಮತ್ತು ಇಂಗ್ಲಿಷ್ ಕುರಿತ ಭಾಗ, ಇವೆರಡನ್ನು ಓದಿ. ಎರಡೂ ಸರ್ಕಾರಿ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ.

ಸಂಬಳದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕಾಲೇಜುಗಳ ಸಂಘ ಶಿಫಾರಸು ಮಾಡುವ ವೇತನ ಏರಿಕೆಯನ್ನು ಕೊಡಲೇಬೇಕೆಂಬ ಕಟ್ಟುಪಾಡು ಇಂಗ್ಲೆಂಡಿನ ಕಾಲೇಜುಗಳಿಗಿಲ್ಲ. ನಿಮ್ಮ ಕಾಲೇಜು ಈ ವರ್ಷ ಎಷ್ಟು ಕೊಟ್ಟಿದೆ ಎಂದು ಯೂನಿಯನ್ ಪ್ರತಿನಿಧಿಯನ್ನು ಈ ವಾರವೇ ಕೇಳಿ.