ಲಂಡನ್–ನ್ಯೂಯಾರ್ಕ್: ಹೋಗಲು 8 ಗಂಟೆ, ವಾಪಸ್ 7 ಗಂಟೆ ಯಾಕೆ?

ಲಂಡನ್‌ನಿಂದ ನ್ಯೂಯಾರ್ಕ್‌ಗೆ ಎಷ್ಟು ದೂರ, ವಿಮಾನಕ್ಕೆ ಎಷ್ಟು ಹೊತ್ತು ಬೇಕು, ಟಿಕೆಟ್‌ನಲ್ಲಿ ಹೋಗಲು 8 ಗಂಟೆ, ಬರಲು 7 ಗಂಟೆ ಅಂತ ಇರುವುದು ತಪ್ಪಾ ಅಂತ ಕೇಳಿದ್ದೀರಿ. ತಪ್ಪಲ್ಲ, ಸರಿಯಾಗಿಯೇ ಇದೆ.

ಲಂಡನ್‌ನ ಹೀತ್ರೋ ವಿಮಾನ ನಿಲ್ದಾಣದಿಂದ ನ್ಯೂಯಾರ್ಕ್‌ನ ಜೆಎಫ್‌ಕೆ ನಿಲ್ದಾಣಕ್ಕೆ ಸುಮಾರು 5,550 ಕಿ.ಮೀ. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಆಸುಪಾಸು. ಭಾಗಿಸಿದರೆ ಆರು ಗಂಟೆ ಚಿಲ್ಲರೆ ಬರುತ್ತದೆ. ಎಲ್ಲರೂ ಮಾಡುವುದು ಈ ಲೆಕ್ಕವನ್ನೇ, ಆದರೆ ಇದರಲ್ಲಿ ಗಾಳಿ ಇಲ್ಲ.

ವಿಮಾನ ಹಾರುವ ಎತ್ತರದಲ್ಲಿ ಅಟ್ಲಾಂಟಿಕ್ ಸಾಗರದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರಾದ ಗಾಳಿಯ ಹರಿವು ಇರುತ್ತದೆ, ಜೆಟ್ ಸ್ಟ್ರೀಮ್ ಅನ್ನುವುದು ಇದಕ್ಕೇ. ಗಾಳಿ ಗಂಟೆಗೆ 100 ಕಿ.ಮೀ. ಇದೆ ಅಂದುಕೊಳ್ಳಿ. ನ್ಯೂಯಾರ್ಕ್ ಕಡೆ ಹೋಗುವಾಗ ಅದು ಎದುರಿಗೆ ಬೀಸುತ್ತದೆ, ನೆಲದ ಲೆಕ್ಕದಲ್ಲಿ ನಿಮ್ಮ ವೇಗ 800ಕ್ಕೆ ಇಳಿಯುತ್ತದೆ, ಹತ್ತಿರ ಹತ್ತಿರ 7 ಗಂಟೆ ಹಾರಬೇಕು. ವಾಪಸ್ ಬರುವಾಗ ಅದೇ ಗಾಳಿ ಹಿಂದಿನಿಂದ ತಳ್ಳುತ್ತದೆ, 1,000 ಆಗುತ್ತದೆ, ಐದೂವರೆ ಗಂಟೆ ಸಾಕು. ನಾನಂತೂ ಸಿನಿಮಾ ಬಿಟ್ಟು ಸೀಟಿನ ಮುಂದಿನ ಸ್ಕ್ರೀನಿನಲ್ಲಿ ಮ್ಯಾಪ್ ಹಾಕಿಕೊಂಡು ಕೂರುತ್ತೇನೆ. ಅದರಲ್ಲಿ ಗಾಳಿಯ ವೇಗವನ್ನೂ ತೋರಿಸಿದರೆ ನೋಡಿ, ಎಲ್ಲ ಅಲ್ಲೇ ಗೊತ್ತಾಗುತ್ತದೆ.

ಚಳಿಗಾಲದಲ್ಲಿ ಈ ಗಾಳಿ ಇನ್ನೂ ಜಾಸ್ತಿ. 2020ರ ಫೆಬ್ರವರಿಯಲ್ಲಿ ಕಿಯಾರಾ ಅನ್ನುವ ಬಿರುಗಾಳಿ ಸಮಯದಲ್ಲಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ವಿಮಾನ ಒಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ ಬರೀ 4 ಗಂಟೆ 56 ನಿಮಿಷದಲ್ಲಿ ಬಂದಿತ್ತು. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನ 1996ರಲ್ಲಿ ಮೂರು ಗಂಟೆಯೊಳಗೇ ಮುಗಿಸಿತ್ತು ಬಿಡಿ, ಅದರ ಕಥೆಯೇ ಬೇರೆ.

ಇನ್ನು ಟಿಕೆಟ್‌ನಲ್ಲಿರುವ ಸಮಯ ಬರೀ ಹಾರುವ ಸಮಯವಲ್ಲ, ಗೇಟ್ ಬಿಟ್ಟಲ್ಲಿಂದ ಇನ್ನೊಂದು ಗೇಟ್ ಸೇರುವ ತನಕ. ರನ್‌ವೇ ಹತ್ತಿರ ಸಾಲಿನಲ್ಲಿ ನಿಲ್ಲುವುದು, ಇಳಿಯುವ ಮೊದಲು ಮೇಲೆ ಸುತ್ತು ಹೊಡೆಯುವುದು, ಎಲ್ಲ ಅದರಲ್ಲೇ ಸೇರಿದೆ. ಆದ್ದರಿಂದ ಪ್ಲಾನ್ ಮಾಡುವಾಗ ಕಿಲೋಮೀಟರ್ ಮರೆತು ಆ 8 ಮತ್ತು 7 ಗಂಟೆಯನ್ನೇ ಹಿಡಿದುಕೊಳ್ಳಿ.

ಗಡಿಯಾರದ್ದು ಇನ್ನೊಂದು ಗೊಂದಲ. ಬೆಳಗ್ಗೆ 11ಕ್ಕೆ ಲಂಡನ್ ಬಿಟ್ಟರೆ ಮಧ್ಯಾಹ್ನ 2ಕ್ಕೆ ನ್ಯೂಯಾರ್ಕ್ ಅಂತ ಇರುತ್ತದೆ, ಮೂರೇ ಗಂಟೆನಾ ಅನಿಸುತ್ತದೆ. ಲಂಡನ್ 5 ಗಂಟೆ ಮುಂದಿದೆ, ಅಷ್ಟೇ. ಮಾರ್ಚ್‌ನಲ್ಲಿ ಎರಡು ಮೂರು ವಾರ ಮತ್ತು ಅಕ್ಟೋಬರ್ ಕೊನೆಗೆ ಒಂದು ವಾರ ಮಾತ್ರ ಈ ವ್ಯತ್ಯಾಸ 4 ಗಂಟೆ ಆಗುತ್ತದೆ, ಯಾಕೆಂದರೆ ಎರಡು ದೇಶಗಳೂ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ಚಳಿಗಾಲಕ್ಕೆ ಮತ್ತೆ ಹಿಂದಕ್ಕೆ ತಿರುಗಿಸುತ್ತವೆ, ಆದರೆ ಬೇರೆ ಬೇರೆ ಭಾನುವಾರ.

ನ್ಯೂಯಾರ್ಕ್‌ನಿಂದ ಮುಂದಕ್ಕೆ ಕನೆಕ್ಟಿಂಗ್ ಫ್ಲೈಟ್ ಇದ್ದರೆ ಸಮಯ ಧಾರಾಳವಾಗಿ ಇಟ್ಟುಕೊಳ್ಳಿ. ಎದುರುಗಾಳಿಯಿಂದ ತಡ ಆಗಬಹುದು, ಸಾಲದ್ದಕ್ಕೆ ಇಮಿಗ್ರೇಷನ್ ಮುಗಿಸಿ, ಬ್ಯಾಗ್ ತೆಗೆದುಕೊಂಡು ಮತ್ತೆ ಕೊಡಬೇಕು. ವಾಪಸ್ ಬರುವಾಗ ಹೆಚ್ಚಿನವು ರಾತ್ರಿ ಫ್ಲೈಟ್‌ಗಳು. ಊಟ ಕೊಟ್ಟು ಲೈಟ್ ಆರಿಸುವಷ್ಟರಲ್ಲಿ ಅರ್ಧ ದಾರಿ ಹತ್ತಿರ ಬಂದಿರುತ್ತದೆ, ನಿದ್ದೆ ಬೇಕಿದ್ದರೆ ಊಟ ಮುಗಿಸಿಯೇ ವಿಮಾನ ಹತ್ತಿ.