ಪ್ರಕರಣ: ಅತ್ತೆ ನಡೆದು ಹೋಗುವಷ್ಟು ದೂರ

(ಹೆಸರು, ಊರು, ಕೆಲಸದ ವಿವರ ಎಲ್ಲ ಬದಲಿಸಿದ್ದೇನೆ.)

ಸುಧಾ ಮೊದಲ ಸಲ ಬಂದಾಗ ಇನ್ನೂ ಕುರ್ಚಿಯಲ್ಲಿ ಸರಿಯಾಗಿ ಕೂತಿರಲಿಲ್ಲ. "ಮೇಡಂ, ನಂಗೆ ಸಿಟ್ಟು ಜಾಸ್ತಿ ಆಗ್ತಿದೆ. ಮಾತ್ರೆ ಏನಾದ್ರೂ ಇದೆಯಾ?" ಅಂದರು. ಮಾತ್ರೆ ಬರೆಯುವ ಡಾಕ್ಟರ್ ನಾನಲ್ಲ, ಆಪ್ತಸಮಾಲೋಚಕಿ ಅಂದೆ. ಆಮೇಲೆ ಕೂತರು.

ವಯಸ್ಸು 37. ಲೆಕ್ಕಪತ್ರದ ಕೆಲಸ, ಮನೆಯಿಂದಲೇ. ಗಂಡನಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಆಫೀಸು. ಮಗಳಿಗೆ 9, ಮಗನಿಗೆ 4. ಮಾವ ತೀರಿಕೊಂಡ ಮೇಲೆ ಅತ್ತೆ ಮಲೆನಾಡಿನ ಒಂದು ಸಣ್ಣ ಪೇಟೆಯಿಂದ ಬೆಂಗಳೂರಿಗೆ ಬಂದು ಒಂದೂವರೆ ವರ್ಷ ಆಗಿತ್ತು. ಅವರಿಗೆ 68, ಮಂಡಿನೋವು ಬೇರೆ. ಮನೆ ಇರುವುದು ಸರ್ಜಾಪುರ ರಸ್ತೆಯಿಂದ ಒಳಗೆ, ದೊಡ್ಡ ಅಪಾರ್ಟ್‌ಮೆಂಟಿನ 11ನೇ ಮಹಡಿಯಲ್ಲಿ. ಒಳಗೆ ಈಜುಕೊಳ, ಮಕ್ಕಳಿಗೆ ಉಯ್ಯಾಲೆ, ಜಿಮ್ಮು. ಗೇಟು ದಾಟಿದರೆ ಫುಟ್‌ಪಾತೇ ಇಲ್ಲದ ರಸ್ತೆ, ನೀರಿನ ಟ್ಯಾಂಕರು, ಜಲ್ಲಿ ಲಾರಿ.

ಜಗಳ ಹೆಚ್ಚಾಗಿ ಅಡುಗೆಮನೆಯಲ್ಲೇ. ಆ್ಯಪ್‌ನಲ್ಲಿ ತರಿಸಿದ ತರಕಾರಿ ಚೀಲ ಬಿಚ್ಚಿದ ಕೂಡಲೇ ಅತ್ತೆ ಏನೋ ಅನ್ನುತ್ತಾರೆ, ಸುಧಾ ತಿರುಗಿ ಏನೋ ಅನ್ನುತ್ತಾರೆ, ಸಂಜೆ ಗಂಡ ಬಂದಾಗ ಮನೆ ಬಿಗಿದುಕೊಂಡಿರುತ್ತದೆ. ಕೇಳಿದಷ್ಟು ಸಲ ಕೇಳಿದ ಕತೆ. ಅತ್ತೆ-ಸೊಸೆ ವಿಷಯ ಅಂತ ನಾನೂ ಅಂದುಕೊಂಡೆ. ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ಸಿಟ್ಟು ಬಂದಾಗ ಆ ಕೋಣೆ ಬಿಟ್ಟು ಹೊರಗೆ ಬನ್ನಿ ಅಂದೆ. ಮೂರು ಭೇಟಿ ಹೀಗೇ ಹೋಯಿತು. ಈಗ ಯೋಚಿಸಿದರೆ ನಾಚಿಕೆ ಆಗುತ್ತದೆ. ಹೊರಗೆ ಅಂದರೆ ಎಲ್ಲಿಗೆ?

ನಾಲ್ಕನೇ ಸಲ ಅತ್ತೆಯನ್ನೂ ಕರೆಸಿದೆ. ಗಂಡನ ನೆನಪು, ಊರಿನ ದೇವಸ್ಥಾನ, ಒಂಟಿತನ, ಇಂಥ ಮಾತು ಬರುತ್ತದೆ ಅಂತ ಕಾದೆ. ಇಲ್ಲಿ ಹತ್ತಿರ ದೇವಸ್ಥಾನ ಇಲ್ವಾ ಅಂತ ನಾನೇ ಕೇಳಿದೆ.

"ದೇವರು ಮನೇಲೇ ಇದಾನೆ ಮಾರಾಯ್ತಿ. ನಂಗೆ ಬೆಂಡೆಕಾಯಿ ತುದಿ ಮುರಿದು ನೋಡ್ಬೇಕು" ಅಂದರು. ಹೆಬ್ಬೆರಳನ್ನು ಗಾಳಿಯಲ್ಲೇ ಒತ್ತಿ ತೋರಿಸಿದರು. "ಟಕ್ ಅಂದ್ರೆ ಎಳೇದು. ಬಾಗಿದ್ರೆ ಬಲಿತಿದೆ ಅಂತ. ಇವಳು ತರಿಸೋದು ಬರೀ ಬಾಗೋದು."

ಸುಧಾಗೆ ನಗು ಬಂತು. ನಾಲ್ಕು ಭೇಟಿಯಲ್ಲಿ ಅವರು ನಕ್ಕಿದ್ದು ಅದೇ ಮೊದಲು. ಅತ್ತೆ ನಗಲಿಲ್ಲ. ಒಂದೂವರೆ ವರ್ಷದಲ್ಲಿ ಒಬ್ಬರೇ ಗೇಟು ದಾಟಿದ್ದು ಒಂದು ಸಲವೂ ಇಲ್ಲವಂತೆ. ಏನಾದರೂ ಬೇಕೆಂದರೆ ಮಗ ಕಾರು ತೆಗೆಯುತ್ತಾನೆ. "ಒಂದು ಕಟ್ಟು ಸೊಪ್ಪಿಗೆ ಕಾರು ತೆಗೆಸೋದಾ? ಅದಕ್ಕೇ ಕೇಳೋದನ್ನೇ ಬಿಟ್ಟೆ."

ಅವತ್ತು ಒಂದು ಮನೆಗೆಲಸ ಕೊಟ್ಟೆ. ಒಂದು ವಾರ, ಯಾರು ಯಾವಾಗ ಎಲ್ಲಿಗೆ ಹೋದರು, ಹೇಗೆ ಹೋದರು, ಯಾರು ಕರೆದುಕೊಂಡು ಹೋದರು, ಅಷ್ಟೇ ಬರೆಯಿರಿ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಹಾಳೆಯನ್ನು ಹಾಗೇ ಕಿತ್ತು ತಂದಿದ್ದರು. ಸುಧಾ ಹೆಸರಲ್ಲಿ 23 ಓಡಾಟ. ಅದರಲ್ಲಿ 19 ಬೇರೆಯವರಿಗಾಗಿ: ಮಗಳ ಡ್ಯಾನ್ಸ್ ಕ್ಲಾಸು, ಮಗನ ಪ್ರೀಸ್ಕೂಲು, ಔಷಧಿ, ಪೆನ್ಸಿಲ್ಲು, ಹಾಲು ಒಡೆದದ್ದಕ್ಕೆ ಇನ್ನೊಂದು ಪ್ಯಾಕೆಟ್ಟು. ಅತ್ತೆಯ ಸಾಲಿನಲ್ಲಿ ಒಂದೇ, ಆಸ್ಪತ್ರೆ. ಹಾಳೆ ನೋಡಿ ನನಗೆ ಅನಿಸಿದ್ದನ್ನು ನೇರವಾಗಿ ಹೇಳಿದೆ: ಇದು ಸೊಸೆಯ ಸಿಟ್ಟಲ್ಲ, ಡ್ರೈವರ್ ಸಿಟ್ಟು. ಅತ್ತೆ ನಡೆದೇ ಅಂಗಡಿಗೆ ಹೋಗುವಂಥ ಕಡೆ ಮನೆ ಬದಲಿಸುವ ಬಗ್ಗೆ ಯೋಚಿಸಿ ಅಂದೆ.

ಮುಂದಿನ ಸಲ ಗಂಡನೂ ಬಂದರು. ಲ್ಯಾಪ್‌ಟಾಪಿನಲ್ಲಿ 14 ಬಡಾವಣೆಗಳ ಪಟ್ಟಿ, ಒಂದೊಂದಕ್ಕೂ ಅಂಕ. "ನಡೆದಾಡೋಕೆ ಯಾವ ಏರಿಯಾ ಬೆಸ್ಟು ಮೇಡಂ?"

"ಯಾರು ನಡೆಯೋಕೆ?" ಅಂದೆ.

ಅವರ ವಾದವೂ ತೆಗೆದುಹಾಕುವಂಥದ್ದಲ್ಲ. ಅಪಾರ್ಟ್‌ಮೆಂಟಿನೊಳಗೆ ವಾಕಿಂಗ್ ಟ್ರ್ಯಾಕ್ ಇದೆ, ನಾಯಿ ಕಾಟ ಇಲ್ಲ, ಗಾಡಿ ಇಲ್ಲ, ಲಿಫ್ಟ್ ಇದೆ. ಅಮ್ಮ ಆರು ಸುತ್ತು ಹಾಕಿದರೆ ಸಾಕಲ್ವಾ? ಅದಕ್ಕೆ ಅವರ ಅಮ್ಮನೇ ಉತ್ತರ ಕೊಟ್ಟರು: "ಸುತ್ತಿ ಸುತ್ತಿ ಎಲ್ಲಿಗೆ ಹೋಗ್ಬೇಕೋ?"

ಗಂಡ ಕದಲದೇ ಇದ್ದದ್ದಕ್ಕೆ ನಿಜವಾದ ಕಾರಣ ಆಮೇಲೆ ಬಂತು. ಅಪ್ಪ ಬೆಂಗಳೂರಿಗೆ ಬಂದ ಕೊನೆಯ ಸಮಾರಂಭ ಆ ಫ್ಲಾಟಿನ ಗೃಹಪ್ರವೇಶ. ಹಾಲು ಉಕ್ಕಿಸಿದ ಮನೆಯನ್ನು ಮಾರುವುದು ಹೇಗೆ? ಮಾರಬೇಡಿ ಅಂದೆ. ಅದನ್ನು ಬಾಡಿಗೆಗೆ ಕೊಡಿ, ಆ ದುಡ್ಡು ಕಂತಿಗೆ ಹೋಗಲಿ. ನೀವು ಬೇರೆ ಕಡೆ 11 ತಿಂಗಳ ಕರಾರಿಗೆ ಬಾಡಿಗೆ ಹಿಡಿಯಿರಿ. ಸರಿ ಹೋಗದಿದ್ದರೆ ವಾಪಸ್. ಮುಖದ ಬಿಗಿ ಅಲ್ಲಿಗೆ ಸಡಿಲವಾಯಿತು.

ಇನ್ನು ಹುಡುಕುವ ವಿಷಯ. ನಾನು ಬ್ರೋಕರ್ ಅಲ್ಲ, ಯಾವ ಏರಿಯಾ ಅಂತ ಹೇಳುವುದೂ ಇಲ್ಲ. ಆದರೆ ಮೂರು ಶನಿವಾರ ಏನು ಮಾಡಬೇಕು ಅಂತ ಹೇಳಿದೆ. ಮನೆ ನೋಡಬೇಡಿ, ಮೊದಲು ರಸ್ತೆ ನೋಡಿ. ಸಂಜೆ ಆರಕ್ಕೆ ಹೋಗಿ, ಭಾನುವಾರ ಬೆಳಿಗ್ಗೆ ಎಲ್ಲ ರಸ್ತೆಯೂ ಚೆನ್ನಾಗಿಯೇ ಕಾಣುತ್ತದೆ. ಅತ್ತೆ ಮುಂದೆ ನಡೆಯಲಿ, ಚಿಕ್ಕವನ ಕೈ ಅವರೇ ಹಿಡಿದಿರಲಿ, ನೀವಿಬ್ಬರೂ ಹಿಂದೆ ಬನ್ನಿ, ಬಾಯಿ ಬಿಡಬೇಡಿ. ಅವರು ಎಲ್ಲೆಲ್ಲಿ ರಸ್ತೆಗೆ ಇಳಿಯುತ್ತಾರೆ, ಯಾಕೆ ಇಳಿಯುತ್ತಾರೆ, ಅದನ್ನು ಎಣಿಸಿ. ರಸ್ತೆಗಳಿಗೆ ಮಾನದಂಡ ಹಾಕುವ ಸಂಸ್ಥೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದ ಪ್ರಕಾರ ಫುಟ್‌ಪಾತಿನಲ್ಲಿ ಕನಿಷ್ಠ 1.8 ಮೀಟರ್ ಅಗಲ ಅಡಚಣೆ ಇಲ್ಲದೆ ಇರಬೇಕು, ಅಂಚಿನ ಎತ್ತರ 150 ಮಿಲಿಮೀಟರ್ ಮೀರಬಾರದು. ನಮ್ಮಲ್ಲಿ ಒಂದೊಂದು ಮನೆ ಗೇಟಿನ ಮುಂದೂ ಫುಟ್‌ಪಾತು ಇಳಿದು ಹತ್ತುತ್ತದೆ. ಮಂಡಿನೋವಿರುವವರಿಗೆ ಅದು ಮೆಟ್ಟಿಲು ಹತ್ತಿದ ಹಾಗೆ. ಅದರ ಮೇಲೆ ಟ್ರಾನ್ಸ್‌ಫಾರ್ಮರು, ಅಲ್ಲಾಡುವ ಚಪ್ಪಡಿ, ಸ್ಕೂಟರು.

ಮೊದಲ ಶನಿವಾರ ಹನುಮಂತನಗರ. ಅಂಗಡಿ, ದೇವಸ್ಥಾನ, ಜನ ಎಲ್ಲ ಇಷ್ಟವಾಯಿತು. ಆದರೆ ಅಲ್ಲಿನ ಏರು! ವಾಪಸ್ ಬರುವಾಗ ಅತ್ತೆ ಎರಡು ಕಡೆ ಜಗಲಿ ಮೇಲೆ ಕೂತರಂತೆ. ಎರಡನೇದು ಮಲ್ಲೇಶ್ವರ. 1898ರ ಪ್ಲೇಗಿನ ನಂತರ ಬೆಳೆದ ಬಡಾವಣೆ ಅದು, ಬಸವನಗುಡಿಯ ಹಾಗೆ. ಜನ ಕಾಲಲ್ಲೇ ಓಡಾಡುವ ಕಾಲದಲ್ಲಿ ಹಾಕಿದ ರಸ್ತೆಗಳು, ಅದಕ್ಕೇ ಅಡ್ಡರಸ್ತೆಗಳು ಹತ್ತಿರ ಹತ್ತಿರ, ಮಾರುಕಟ್ಟೆಯೂ ಹತ್ತಿರ. 8ನೇ ಕ್ರಾಸಿನಲ್ಲಿ ಅತ್ತೆ ಮುಕ್ಕಾಲು ಗಂಟೆ ನಿಂತರು, ಏನೂ ಕೊಳ್ಳಲಿಲ್ಲ, ಸುಮ್ನೆ ಮುಟ್ಟಿ ನೋಡಿದರು. ಅಲ್ಲಿ ಇವರ ಬಜೆಟ್ಟಿಗೆ ಸಿಕ್ಕಿದ್ದು ಲಿಫ್ಟ್ ಇಲ್ಲದ ಎರಡನೇ ಮಹಡಿ ಮಾತ್ರ.

ಮೂರನೇದು ಜಯನಗರ. ಯಾವ ಬ್ಲಾಕು ಅಂತ ಹೇಳುವುದಿಲ್ಲ. 2025ರ ಆಗಸ್ಟಿನಲ್ಲಿ ಜಯನಗರದ ಪಕ್ಕದ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಮೆಟ್ರೊ ಹಳದಿ ಮಾರ್ಗ ಶುರುವಾಗಿದ್ದು ಇವರ ಲೆಕ್ಕವನ್ನೇ ಬದಲಿಸಿತು. ಅದು ಎಲೆಕ್ಟ್ರಾನಿಕ್ ಸಿಟಿ ಮೇಲೇ ಹೋಗುತ್ತದಲ್ಲ. ಕಾರು ಮನೆಯಲ್ಲೇ ನಿಲ್ಲಬಹುದು ಅಂತ ಗಂಡನಿಗೆ ಹೊಳೆದಿದ್ದು ಆಗಲೇ. ಅಡ್ಡರಸ್ತೆಯಲ್ಲಿ ಫುಟ್‌ಪಾತು ಇಲ್ಲಿಯೂ ಅಷ್ಟಕ್ಕಷ್ಟೇ. ಆದರೆ ಮರದ ನೆರಳಿದೆ, ಗಾಡಿಗಳು ನಿಧಾನ, ಅತ್ತೆ ರಸ್ತೆಯಲ್ಲೇ ನಡೆದರೂ ಎದೆ ಹಾರುವುದಿಲ್ಲ. ಮೊದಲು ನೋಡಿದ ಮನೆಯಿಂದ ಅಂಗಡಿಗೆ ಹೋಗಲು ಒಂದು ದೊಡ್ಡ ರಸ್ತೆ ದಾಟಬೇಕಿತ್ತು. ದಾಟಲು ಅತ್ತೆಗೆ ಎಷ್ಟು ಹೊತ್ತು ಬೇಕು ಅಂತ ಎಣಿಸಿ ಅಂದಿದ್ದೆ. ಸಿಗ್ನಲ್ಲು ಕೊಡುವುದಕ್ಕಿಂತ ನಾಲ್ಕು ಸೆಕೆಂಡು ಹೆಚ್ಚು ಬೇಕಾಯಿತು. ಆ ಮನೆ ಬಿಟ್ಟರು. ಅಂಗಡಿ ಇರುವ ಬದಿಯಲ್ಲೇ ಇನ್ನೊಂದು ಸಿಗುವವರೆಗೆ ಐದು ವಾರ ಕಾದರು.

ಸಿಕ್ಕಿದ್ದು ನೆಲಮಹಡಿ, ಎರಡು ಬೆಡ್‌ರೂಮು, ಮೊದಲಿಗಿಂತ ಚಿಕ್ಕದು. ಹಿಂದಿನ ಕೋಣೆಯ ಗೋಡೆಗೆ ತೇವ. ಅಡ್ವಾನ್ಸು ದೊಡ್ಡದು, ಖಾಲಿ ಮಾಡುವಾಗ ಪೇಂಟಿಂಗಿಗೆ ಎಷ್ಟು ಹಿಡಿಯುತ್ತಾರೆ ಅಂತ ಮೊದಲೇ ಬರೆಸಿಕೊಳ್ಳಿ ಅಂದಿದ್ದೆ, ಬರೆಸಿಕೊಂಡರು. ಮಗಳ ಶಾಲೆಯ ವರ್ಷ ಮುಗಿಯುವವರೆಗೆ ಕಾದು ಆಮೇಲೆ ಸಾಮಾನು ಸಾಗಿಸಿದರು.

ಈ ಪ್ರಕರಣದಲ್ಲಿ ನಾನು ಸಾಕಷ್ಟು ಗಮನ ಕೊಡದೇ ಹೋದದ್ದು ಆ ಹುಡುಗಿಗೆ. ಅಪಾರ್ಟ್‌ಮೆಂಟಿನಲ್ಲಿ ಅವಳಿಗೆ ಆರು ಜನ ಗೆಳತಿಯರು. ಮನೆ ಬದಲಾದದ್ದರಿಂದ ನಷ್ಟ ಆಗಿದ್ದು ಅವಳೊಬ್ಬಳಿಗೇ. ಎರಡು ವಾರ ಅಜ್ಜಿ ಜೊತೆ ಮಾತು ಬಿಟ್ಟಿದ್ದಳು. ಈಗ ಹದಿನೈದು ದಿನಕ್ಕೊಂದು ಶನಿವಾರ ಹಳೆ ಗೆಳತಿ ಮನೆಯಲ್ಲಿ ಉಳಿಯುತ್ತಾಳೆ. ಅದನ್ನು ಎಷ್ಟೇ ಕೆಲಸ ಇದ್ದರೂ ತಪ್ಪಿಸಬೇಡಿ ಅಂತ ಅಪ್ಪನಿಗೆ ಗಟ್ಟಿಯಾಗಿ ಹೇಳಿದ್ದೇನೆ.

ಮೂರು ತಿಂಗಳ ಮೇಲೆ ಸುಧಾ ಒಬ್ಬರೇ ಬಂದರು. ಹೊಸ ದೂರು ತಂದಿದ್ದರು. ಅತ್ತೆ ದಿನಾ ಎರಡು ಸಲ ತರಕಾರಿಗೆ ಹೋಗುತ್ತಾರೆ, ಫ್ರಿಜ್ಜಿನಲ್ಲಿ ಹರಿವೆ ಸೊಪ್ಪು ಬಿಟ್ಟರೆ ಬೇರೆ ಏನಕ್ಕೂ ಜಾಗ ಇಲ್ಲ. ಹೇಳಿದರೆ, ಅಂಗಡಿಯವಳು ಬೇಜಾರು ಮಾಡ್ಕೋತಾಳೆ ಅನ್ನುತ್ತಾರಂತೆ.

"ಇದಕ್ಕೇನು ಮಾಡೋದು ಮೇಡಂ?"

ಪಲ್ಯ ಮಾಡಿ ಅಂದೆ. ಆ ಭೇಟಿಗೆ ಫೀಸು ತಗೊಳ್ಳಲಿಲ್ಲ.