ಎಸಿ ಕೋಣೆಯಲ್ಲಿ ಸರಿ, ಬಯಲಲ್ಲಿ ಶ್ರುತಿ ಏರುತ್ತದೆ: ಪ್ರತಿಕ್ರಿಯೆ

ಎಸಿ ಕೋಣೆಯಲ್ಲಿ ಸರಿಯಿದ್ದ ನಿಮ್ಮ ಬ್ಯಾಂಡಿನ ಊದುವ ವಾದ್ಯಗಳು ಬಯಲು ವೇದಿಕೆಯಲ್ಲಿ ಶ್ರುತಿ ಏರಿ ಕೀಬೋರ್ಡ್‌ಗೆ ಕೂಡುತ್ತಿಲ್ಲ ಎಂದು ಬರೆದಿದ್ದೀರಿ. ಪುಣೆಯ ಸೆಖೆಯೇ ಕಾರಣ ಇರಬೇಕು. ನಿಮ್ಮ ಹುಡುಗರ ತಪ್ಪಲ್ಲ. ಗಾಳಿ ಬಿಸಿಯಾದಷ್ಟೂ ಊದುವ ವಾದ್ಯದ ಶ್ರುತಿ ಏರುತ್ತದೆ. ಎಸಿಯಲ್ಲಿ 440 ಹರ್ಟ್ಜ್‌ಗೆ (ಸೆಕೆಂಡಿಗೆ 440 ಕಂಪನ) ಕೂಡಿಸಿದ ಕ್ಲಾರಿನೆಟ್, ಏಪ್ರಿಲ್ ಸಂಜೆ ಬಯಲು ವೇದಿಕೆಯಲ್ಲಿ 444 ದಾಟಬಹುದು. ಕೀಬೋರ್ಡ್ ಮಾತ್ರ ಅಲ್ಲೇ ನಿಂತಿರುತ್ತದೆ, ಅದಕ್ಕೇ ಕಿವಿಗೆ ಅಷ್ಟು ಚುಚ್ಚುವುದು. ನಮ್ಮ ಯೂನಿವರ್ಸಿಟಿ ಬ್ಯಾಂಡಿಗೂ ಹೀಗೇ ಆಗಿತ್ತು.

ಮೊದಲು ವೇದಿಕೆಯ ಮೇಲೇ ಹತ್ತು ನಿಮಿಷ ಎಲ್ಲರೂ ಊದಲಿ. ಶ್ರುತಿ ಕೂಡಿಸುವುದು ಆಮೇಲೆ. ಇದನ್ನು ಕಂಡಕ್ಟರ್‌ಗೆ ಮುಂಚೆಯೇ ಹೇಳಿ ಸಮಯ ಕೇಳಿಟ್ಟುಕೊಳ್ಳಿ. ಆಗ ಕ್ಲಾರಿನೆಟ್‌ನ ಬ್ಯಾರೆಲ್ (ಊದುವ ತುದಿಯ ಕೆಳಗಿನ ಗಿಡ್ಡ ತುಂಡು), ಫ್ಲೂಟಿನ ತಲೆಭಾಗ, ಟ್ರಂಪೆಟ್‌ನ ಟ್ಯೂನಿಂಗ್ ಸ್ಲೈಡ್ (ಶ್ರುತಿಗಾಗಿ ಜಾರಿಸುವ ಕೊಳವೆ) ಸ್ವಲ್ಪ ಸ್ವಲ್ಪವೇ ಹೊರಗೆಳೆಯಿರಿ. ಕೊಳವೆ ಉದ್ದವಾದಷ್ಟೂ ಶ್ರುತಿ ಇಳಿಯುತ್ತದೆ. ನಮ್ಮಲ್ಲಿ ಒಬ್ಬಳಿಗೆ ಒಂದು ಮಿಲಿಮೀಟರ್ ಸಾಕಾಯಿತು. ನಿಮ್ಮವರಿಗೆ ಜಾಸ್ತಿ ಬೇಕಾಗಬಹುದು, ಟ್ಯೂನರ್ (ಶ್ರುತಿ ತೋರಿಸುವ ಸಾಧನ) ನೋಡುತ್ತಲೇ ಎಳೆಯಿರಿ. ಸರದಿ ಬರುವ ತನಕ ವಾದ್ಯಗಳನ್ನು ನೆರಳಲ್ಲೇ ಇಡಿ.